ವೀಸಾ ಬಂತು, ಗಂಡ ವ್ಯಾನ್ ನೋಡಿಟ್ಟಿದ್ದಾರೆ: ನ್ಯೂಜಿಲೆಂಡ್‌ನಲ್ಲಿ ಇಳಿದ ಕೂಡಲೇ ಕ್ಯಾಂಪಿಂಗ್ ಹೊರಡುವುದು ಸರಿಯಾ?

ಮೈಸೂರ_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಮ್ಮವರು ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ಕ್ರೈಸ್ಟ್‌ಚರ್ಚ್‌ನಲ್ಲಿ ಸಿವಿಲ್ ಇಂಜಿನಿಯರ್. ಮದುವೆಯಾದ ಮೇಲೆ ಕೆಲವೇ ತಿಂಗಳು ಜೊತೆಗಿದ್ದೆವು, ಅಷ್ಟರಲ್ಲಿ ಅವರು ಹೊರಟರು. ನನ್ನ ವೀಸಾ ತಡವಾಯಿತು. ಮಧ್ಯೆ ಅತ್ತೆಯವರಿಗೆ ಆಪರೇಷನ್ ಆಯಿತು, ನಾನೇ ನೋಡಿಕೊಳ್ಳಬೇಕಾಯಿತು. ಹಾಗೇ ವರ್ಷಗಳು ಉರುಳಿದವು. ಈಗ ವೀಸಾ ಕೈಗೆ ಬಂದಿದೆ. ಫೆಬ್ರವರಿ ಕೊನೆಗೆ ಹೊರಡುತ್ತೇನೆ.

ಅವರಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ. ಒಂದು ಕ್ಯಾಂಪರ್‌ವ್ಯಾನ್ ನೋಡಿಟ್ಟಿದ್ದಾರೆ. ನಾನು ಇಳಿದ ಮಾರನೇ ದಿನವೇ ಹೊರಟು, ಮೂರು ವಾರದಲ್ಲಿ ದಕ್ಷಿಣ ದ್ವೀಪ, ಉತ್ತರ ದ್ವೀಪ ಎರಡನ್ನೂ ಸುತ್ತಿ ಬರುವ ಪ್ಲಾನ್. "ನೀನು ಬಂದು ಕೂತರೆ ಸಾಕು, ಮಿಕ್ಕಿದ್ದೆಲ್ಲ ನನಗೆ ಬಿಡು" ಅನ್ನುತ್ತಾರೆ.

ನನಗೂ ಆಸೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಒಳಗೊಳಗೆ ಅಳುಕು. ದಿನಾ ವಿಡಿಯೋ ಕಾಲ್‌ನಲ್ಲಿ ಮಾತಾಡಿದ್ದೇವೆ, ಒಂದೇ ಸೂರಿನ ಕೆಳಗೆ ಇದ್ದ ಅಭ್ಯಾಸ ಮಾತ್ರ ಇಬ್ಬರಿಗೂ ತಪ್ಪಿಹೋಗಿದೆ. ಅಂಥದ್ದರಲ್ಲಿ ಅಡುಗೆ, ಹಾಸಿಗೆ, ಟಾಯ್ಲೆಟ್ ಎಲ್ಲ ಒಂದೇ ಗಾಡಿಯೊಳಗೆ ಅಂದರೆ ಹೇಗೆ? ಅಮ್ಮ "ಮೊದಲು ಮನೆಯಲ್ಲಿ ಹಾಲುಕ್ಕಿಸಿ, ಆಮೇಲೆ ಊರೂರು ಸುತ್ತಿ" ಅನ್ನುತ್ತಿದ್ದಾರೆ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಹಾಸನ್_ಎಕ್ಸ್‌ಪ್ರೆಸ್

ಇದರಲ್ಲಿ ಯೋಚನೆ ಮಾಡುವುದು ಏನಿದೆ ಅಕ್ಕಾ? ಹೊರಡಿ! ಇಂಥ ಚಾನ್ಸ್ ಮತ್ತೆ ಸಿಗಲ್ಲ.

ಕಡಲತಡಿ_ಉಡುಪಿ

ನಮ್ಮ ಮನೆಯವರು ಹಡಗಿನಲ್ಲಿ ಕೆಲಸ ಮಾಡುವವರು. ತಿಂಗಳುಗಟ್ಟಲೆ ಹೋಗುವುದು, ಬರುವುದು ನಮ್ಮ ಬದುಕೇ ಆಗಿದೆ. ಅದಕ್ಕೇ ಹೇಳುತ್ತೇನೆ, ನಿಮ್ಮ ಅಳುಕು ಸರಿಯಾಗಿಯೇ ಇದೆ, ಅದಕ್ಕೆ ನಾಚಿಕೊಳ್ಳಬೇಡಿ.

ಬಂದ ಮೊದಲ ವಾರ ಪ್ರೀತಿ ಜಾಸ್ತಿ, ಸಲುಗೆ ಕಮ್ಮಿ. ಫೋನಿನಲ್ಲಿ ಮಾತಾಡುವಾಗ ಇಬ್ಬರೂ ದಿನದ ಒಳ್ಳೆಯ ಅರ್ಧ ಗಂಟೆಯನ್ನು ಮಾತ್ರ ತೋರಿಸಿರುತ್ತೇವೆ. ಬೆಳಿಗ್ಗೆ ಎದ್ದ ಕೂಡಲೇ ಯಾರಿಗೆ ಮಾತು ಬೇಕು, ಯಾರಿಗೆ ಬೇಡ, ಯಾರು ಒದ್ದೆ ಟವೆಲನ್ನು ಹಾಸಿಗೆ ಮೇಲೆ ಹಾಕುತ್ತಾರೆ, ಇದೆಲ್ಲ ಜೊತೆಗಿದ್ದಾಗಲೇ ಗೊತ್ತಾಗುವುದು. ನಮ್ಮವರು ರಜೆಗೆ ಬಂದಾಗ ಮೊದಲ ಎರಡು ಮೂರು ದಿನ ಅಡುಗೆಮನೆ ಡಬ್ಬಗಳನ್ನೆಲ್ಲ ತಮಗೆ ಬೇಕಾದ ಹಾಗೆ ಜೋಡಿಸುತ್ತಾರೆ. ಹಡಗಿನಲ್ಲಿ ಎಲ್ಲವೂ ಕಟ್ಟಿಟ್ಟ ಹಾಗೆ ಇರಬೇಕಲ್ಲ, ಆ ಅಭ್ಯಾಸ. ಮನೆಯಾದರೆ ನಾನು ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಹಾಕಿ ಬರುತ್ತೇನೆ, ಸಿಟ್ಟು ಇಳಿದಿರುತ್ತದೆ. ವ್ಯಾನಿನಲ್ಲಿ ಹಿತ್ತಲು ಎಲ್ಲಿಂದ ತರುವುದು?

ಹೋಗಬೇಡಿ ಅನ್ನುತ್ತಿಲ್ಲ. ಒಂದು ವಾರ ಸುಮ್ನೆ ಮನೆಯಲ್ಲಿ ಇದ್ದು, ಆಮೇಲೆ ಹೊರಡಿ.

ಕಿವಿ_ಕನ್ನಡಿಗ

ನಾನು ಡುನೆಡಿನ್‌ನಲ್ಲಿ ಇದ್ದೇನೆ. ಮನಸ್ಸಿನ ವಿಷಯ ಕಡಲತಡಿಯವರು ಚೆನ್ನಾಗಿ ಹೇಳಿದ್ದಾರೆ. ನಾನು ರಸ್ತೆ ವಿಷಯ ಹೇಳುತ್ತೇನೆ.

ಮೊದಲು ಉತ್ತರ ದ್ವೀಪವನ್ನು ಪ್ಲಾನಿನಿಂದ ತೆಗೆಯಿರಿ. ದಕ್ಷಿಣ ದ್ವೀಪ ಒಂದೇ ಸುಮಾರು 1.5 ಲಕ್ಷ ಚದರ ಕಿ.ಮೀ. ಇದೆ. ನಮ್ಮ ಇಡೀ ಕರ್ನಾಟಕ 1.92 ಲಕ್ಷ. ಮ್ಯಾಪಿನಲ್ಲಿ ಚಿಕ್ಕದಾಗಿ ಕಾಣುತ್ತದೆ ಅಷ್ಟೇ. ಕ್ರೈಸ್ಟ್‌ಚರ್ಚ್‌ನಿಂದ ಪಿಕ್ಟನ್‌ಗೆ ಸುಮಾರು 340 ಕಿ.ಮೀ., ಅಲ್ಲಿಂದ ಎರಡು ದ್ವೀಪಗಳ ನಡುವಿನ ಕುಕ್ ಜಲಸಂಧಿ ದಾಟಲು ಫೆರ್ರಿಯಲ್ಲಿ ಮೂರೂವರೆ ಗಂಟೆ, ವೆಲ್ಲಿಂಗ್ಟನ್‌ನಿಂದ ಆಕ್ಲೆಂಡ್‌ಗೆ ಮತ್ತೆ ಸುಮಾರು 640 ಕಿ.ಮೀ. ವ್ಯಾನ್ ಜೊತೆ ಫೆರ್ರಿ ಟಿಕೆಟ್ ಕೂಡ ಅಗ್ಗವಲ್ಲ. ಅಷ್ಟು ಓಡಿ ವಾಪಸ್ ಬರುವಷ್ಟರಲ್ಲಿ ಇಬ್ಬರೂ ಹೈರಾಣಾಗಿರುತ್ತೀರಿ.

ಇಳಿದ ಮಾರನೇ ದಿನ ಹೊರಡುವುದಂತೂ ಬೇಡವೇ ಬೇಡ. ಇಂಡಿಯಾದಿಂದ ಇಲ್ಲಿಗೆ ನೇರ ವಿಮಾನ ಇಲ್ಲ. ಸಿಂಗಪುರವೋ ಇನ್ನೆಲ್ಲೋ ಇಳಿದು ಹತ್ತಬೇಕು. ಫೆಬ್ರವರಿಯಲ್ಲಿ ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ಏಳೂವರೆ ಗಂಟೆ ಮುಂದೆ. ನೀವು ಡ್ರೈವ್ ಮಾಡದಿದ್ದರೂ ನಿದ್ದೆಗೆಟ್ಟು ತಿರುವಿನ ರಸ್ತೆಯಲ್ಲಿ ಕೂತರೆ ವಾಂತಿ ಗ್ಯಾರಂಟಿ.

ಫೆಬ್ರವರಿ ಕೊನೆ, ಮಾರ್ಚ್ ಮಾತ್ರ ಒಳ್ಳೆಯ ಆಯ್ಕೆ. ಇಲ್ಲಿಯ ಸ್ಕೂಲ್ ರಜೆ ಮುಗಿದಿರುತ್ತದೆ, ಬೇಸಿಗೆ ಇನ್ನೂ ಇರುತ್ತದೆ, ಕತ್ತಲಾಗುವುದು ಎಂಟು ಗಂಟೆ ದಾಟಿದ ಮೇಲೆ.

ಅಲೆಮಾರಿ_84

ವ್ಯಾನ್ ಇದ್ದರೆ ಖರ್ಚೇ ಇಲ್ಲ. ನ್ಯೂಜಿಲೆಂಡ್‌ನಲ್ಲಿ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಮಲಗಬಹುದು, ಫ್ರೀಡಂ ಕ್ಯಾಂಪಿಂಗ್ ಅಂತಾರೆ. ಕೆರೆ ದಡದಲ್ಲಿ ನಿಲ್ಲಿಸಿ ಮಜಾ ಮಾಡಿ.

ಕಿವಿ_ಕನ್ನಡಿಗ

@ಅಲೆಮಾರಿ_84 ಹೀಗೆ ಹೇಳಬೇಡಿ ಸಾರ್, ಇದನ್ನು ನಂಬಿ ದಂಡ ಕಟ್ಟಿದವರು ಬಹಳ ಜನ ಇದ್ದಾರೆ. 2011ರಲ್ಲೇ ಇದಕ್ಕೆ ಕಾಯ್ದೆ ಬಂದಿದೆ. 2023ರಲ್ಲಿ ಇನ್ನೂ ಬಿಗಿ ಮಾಡಿದರು. ಎಲ್ಲಿ ನಿಲ್ಲಬಹುದು, ಎಷ್ಟು ರಾತ್ರಿ ನಿಲ್ಲಬಹುದು ಅನ್ನುವುದು ಒಂದೊಂದು ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಒಂದೊಂದು ಥರ. ಕೆರೆ ದಡದಲ್ಲಿ "ರಾತ್ರಿ ತಂಗುವಂತಿಲ್ಲ" ಅನ್ನುವ ಬೋರ್ಡ್ ಬೇಕಾದಷ್ಟು ಕಡೆ ಇದೆ. ದಂಡ 400 ಡಾಲರ್‌ನಂತೆ ಶುರುವಾಗುವುದು ಸಾಮಾನ್ಯ.

ಗಾಡಿ "ಸೆಲ್ಫ್ ಕಂಟೈನ್ಡ್", ಅಂದರೆ ನೀರು, ಟಾಯ್ಲೆಟ್, ಕೊಳೆನೀರಿನ ಟ್ಯಾಂಕ್ ಎಲ್ಲ ಗಾಡಿಯಲ್ಲೇ ಇದೆ ಅಂತ ಸರ್ಟಿಫಿಕೇಟ್ ಪಡೆದಿರಬೇಕು. ಹೊಸ ನಿಯಮದಲ್ಲಿ ಟಾಯ್ಲೆಟ್ ಗಾಡಿಗೆ ಕಾಯಂ ಕೂರಿಸಿರಬೇಕು, ಹಾಸಿಗೆ ಬಿಚ್ಚಿ ಹಾಕಿದ ಮೇಲೂ ಬಳಸುವ ಹಾಗಿರಬೇಕು. ಮೂಲೆಯಲ್ಲಿ ಒಂದು ಪೋರ್ಟಬಲ್ ಪಾಟ್ ಇಟ್ಟರೆ ಈಗ ನಡೆಯುವುದಿಲ್ಲ. ಮಲ್ಲಿಗೆಯವರೇ, ನಿಮ್ಮವರು ನೋಡಿರುವ ವ್ಯಾನಿನ ಗಾಜಿನ ಮೇಲೆ ಆ ಸರ್ಟಿಫಿಕೇಟಿನ ಹಸಿರು ಸ್ಟಿಕ್ಕರ್ ಇದೆಯಾ ಅಂತ ಮೊದಲು ಕೇಳಿ.

ಅಲೆಮಾರಿ_84

ನಾನು ಹೋದಾಗ ಯಾರೂ ಕೇಳಲಿಲ್ಲಪ್ಪ.

ಕಿವಿ_ಕನ್ನಡಿಗ

ಯಾವ ವರ್ಷ ಹೋಗಿದ್ದಿರಿ? 2023ಕ್ಕೆ ಮುಂಚೆ ಅಂದರೆ ನಿಮ್ಮ ಅನುಭವ ಈಗ ಉಪಯೋಗಕ್ಕೆ ಬರುವುದಿಲ್ಲ.

ಅಲೆಮಾರಿ_84

ಸರಿ, ಮುಂಚೆಯೇ. ನಿಯಮ ಬದಲಾಗಿದ್ದರೆ ಒಪ್ಪಿದೆ. ಆದರೂ ದಿನಾ ಹಾಲಿಡೇ ಪಾರ್ಕಿಗೆ, ಅಂದರೆ ಬಾಡಿಗೆ ಕೊಟ್ಟು ವ್ಯಾನ್ ನಿಲ್ಲಿಸುವ ಜಾಗಕ್ಕೆ, ದುಡ್ಡು ಸುರಿಯಬೇಕಿಲ್ಲ. ಅರಣ್ಯ ಇಲಾಖೆಯ ಥರ ಅಲ್ಲಿ ಡಾಕ್ ಅಂತ ಇದೆಯಲ್ಲ, ಅವರ ಕ್ಯಾಂಪ್‌ಸೈಟ್‌ಗಳು ಅಗ್ಗ.

ಪದ್ಮಕ್ಕ_ಸಾಗರ

ಮಲ್ಲಿಗೆ, ನಿಮ್ಮ ಅಮ್ಮ ಹೇಳಿದ್ದರಲ್ಲಿ ಅರ್ಥ ಇದೆಯಮ್ಮ. ಹಾಲುಕ್ಕಿಸುವುದು ಬರೀ ಶಾಸ್ತ್ರಕ್ಕಲ್ಲ. ಆ ಮನೆಯಲ್ಲಿ ಇಷ್ಟು ದಿನ ಅವರೊಬ್ಬರೇ ಇದ್ದಾರೆ. ಪಾತ್ರೆ ಅವರದು, ಪರದೆ ಅವರದು, ಬೀಗದ ಕೈ ಅವರ ಹತ್ತಿರ. ನೀನು ಒಲೆ ಹಚ್ಚಿ, ನಿನ್ನ ಕೈಯಾರೆ ಒಂದು ಸಾರು ಮಾಡಿ, ನಿನ್ನ ಸೀರೆ ಬೀರುವಿನಲ್ಲಿ ಇಟ್ಟ ಮೇಲೆ ಅದು ನಿನ್ನ ಮನೆ. ಸೂಟ್‌ಕೇಸ್ ಬಿಚ್ಚದೆ ಇನ್ನೊಂದು ಗಾಡಿ ಹತ್ತಿದರೆ ಪರವೂರಿನಲ್ಲಿ ನೆಂಟರ ಹಾಗೆ ಆಗುತ್ತದೆ.

ನೇರ_ಮಾತು

ಪದ್ಮಕ್ಕ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದನ್ನು ಒಪ್ಪಲ್ಲ. ಇಷ್ಟು ವರ್ಷ ಅತ್ತೆ ಮನೆ, ಆಸ್ಪತ್ರೆ ಅಂತ ಓಡಾಡಿದ ಹುಡುಗಿ. ಅಲ್ಲಿ ಹೋದ ಕೂಡಲೇ ಮತ್ತೆ ಒಲೆ, ಪಾತ್ರೆ, ಬೀರು ಅಂದರೆ ಹೇಗೆ? ಅವರಿಗೆ ರಜೆ ಬೇಕು. ಗಂಡನೂ ಆಫೀಸಿಗೆ ರಜೆ ಹಾಕಿದ್ದಾರೆ. ಮನೆಯಲ್ಲಿ ಉಳಿದರೆ ಲಾಂಡ್ರಿ, ಬ್ಯಾಂಕ್, ಸಾಮಾನು ಅಂತ ಆ ರಜೆ ಕರಗಿಹೋಗುತ್ತದೆ. ರಸ್ತೆಯಲ್ಲಿ ಇಬ್ಬರೇ. ಯಾರ ಫೋನೂ ಇಲ್ಲ. ಅದಕ್ಕಿಂತ ಏನು ಬೇಕು?

ಪದ್ಮಕ್ಕ_ಸಾಗರ

ನಾನು ಕೆಲಸ ಮಾಡು ಅನ್ನಲಿಲ್ಲ ಮಗಾ. ಅವರೂ ಸಾರು ಮಾಡಲಿ, ಇವಳು ಕೂತು ತಿನ್ನಲಿ. ನನ್ನ ಮಾತು ಇಷ್ಟೇ: ತನ್ನದು ಅಂತ ಒಂದು ಜಾಗ ಆದ ಮೇಲೆ ಹೊರಡಲಿ. ಎರಡು ಮೂರು ದಿನ ಸಾಕು, ತಿಂಗಳು ಬೇಡ.

ನೇರ_ಮಾತು

ಎರಡು ಮೂರು ದಿನ ಅಂದರೆ ನನಗೂ ಒಪ್ಪಿಗೆ.

ಘಾಟಿ_ಡ್ರೈವರ್

ಸಕಲೇಶಪುರದವನು. ಅಲ್ಲೂ ಎಡಗಡೆಯೇ ಡ್ರೈವಿಂಗ್, ಬಲಗಡೆ ಸ್ಟೀರಿಂಗ್. ಶಿರಾಡಿ ಘಾಟಿಯಲ್ಲಿ ಓಡಿಸಿದವರಿಗೆ ನ್ಯೂಜಿಲೆಂಡ್ ಏನು ಮಹಾ? ಅಕ್ಕ, ನೀವೂ ಆರಾಮಾಗಿ ಓಡಿಸಬಹುದು.

ತವರಿನ_ದಾರಿ

@ಘಾಟಿ_ಡ್ರೈವರ್ ಎಡಗಡೆ ಅನ್ನುವುದು ಸರಿ. ಆದರೆ "ಏನು ಮಹಾ" ಅಂದರೆ ಒಪ್ಪಲ್ಲ. ನಾವಿಬ್ಬರೂ ಅಲ್ಲಿ ವ್ಯಾನ್ ಓಡಿಸಿದ್ದೇವೆ. ಮೂರು ವಿಷಯ ನಮ್ಮ ಘಾಟಿಗಿಂತ ಬೇರೆ.

ಮೊದಲನೆಯದು ಸ್ಪೀಡ್. ನಮ್ಮ ಘಾಟಿಯಲ್ಲಿ ಎಲ್ಲರೂ ನಿಧಾನ. ಅಲ್ಲಿ ದಿಕ್ಕಿಗೊಂದೇ ಲೇನ್ ಇರುವ ತಿರುವು ರಸ್ತೆಯಲ್ಲೂ ಎದುರಿನಿಂದ ನೂರರಲ್ಲಿ ಬರುತ್ತಾರೆ. ಸಾಮಾನ್ಯವಾಗಿ ಲಿಮಿಟ್ 100, ಗಾಡಿ 3,500 ಕೆ.ಜಿ. ದಾಟಿದರೆ 90. ಲಿಮಿಟ್ ಇದೆ ಅಂತ ಅಷ್ಟರಲ್ಲಿ ಹೋಗಲೇಬೇಕು ಅಂತಿಲ್ಲ. ಹಿಂದೆ ನಾಲ್ಕು ಕಾರು ಸೇರಿದರೆ ಪಕ್ಕಕ್ಕೆ ನಿಲ್ಲಿಸಿ ಬಿಟ್ಟುಕೊಡಿ. ಹಾರ್ನ್ ಮಾಡಲ್ಲ ಅಂತ ಅವರಿಗೆ ತಾಳ್ಮೆ ಇದೆ ಅಂದುಕೊಳ್ಳಬೇಡಿ.

ಆಮೇಲೆ ಒಂದೇ ಗಾಡಿ ಹಿಡಿಸುವ ಸೇತುವೆಗಳು. ಪಶ್ಚಿಮ ಕರಾವಳಿಯಲ್ಲಿ ಇವು ತುಂಬ. ನಿಮ್ಮ ಕಡೆ ಕೆಂಪು ವೃತ್ತದ ಬೋರ್ಡಿನಲ್ಲಿ ನಿಮ್ಮ ಬಾಣ ಕೆಂಪಾಗಿ ಚಿಕ್ಕದಾಗಿದ್ದರೆ ನಿಲ್ಲಿಸಿ ಎದುರಿನವರಿಗೆ ದಾರಿ ಬಿಡಬೇಕು. ನೀಲಿ ಬೋರ್ಡಿನಲ್ಲಿ ದೊಡ್ಡ ಬಿಳಿ ಬಾಣ ಇದ್ದರೆ ಮೊದಲ ಹಕ್ಕು ನಿಮ್ಮದು. ನಮ್ಮಲ್ಲಿ ಲೈಟ್ ಮಿಣುಕಿಸಿದವರು "ನಾನು ಬರುತ್ತಿದ್ದೇನೆ, ನಿಲ್ಲು" ಅನ್ನುತ್ತಾರೆ. ಆ ಲೆಕ್ಕ ಅಲ್ಲಿಗೆ ಒಯ್ಯಬೇಡಿ.

ಇನ್ನೊಂದು ಗಾಳಿ. ವ್ಯಾನ್ ಎತ್ತರ ಇರುತ್ತದೆ. ಬಯಲಿನಲ್ಲಿ ಅಡ್ಡಗಾಳಿ ಬೀಸಿದರೆ ಸ್ಟೀರಿಂಗ್ ಎಳೆಯುವುದು ಗೊತ್ತಾಗುತ್ತದೆ. ನಿಲ್ಲಿಸಿ ಬಾಗಿಲು ತೆಗೆಯುವಾಗ ಎರಡು ಕೈಯಲ್ಲಿ ಹಿಡಿಯಿರಿ. ಗಾಳಿಗೆ ಬಾಗಿಲು ತಿರುಚಿಕೊಂಡರೆ ಇನ್ಶೂರೆನ್ಸ್ ಕೊಡದ ಕಂಪನಿಗಳೂ ಇವೆ.

ಲೈಸೆನ್ಸ್ ಇಂಗ್ಲಿಷಿನಲ್ಲಿ ಇದ್ದರೆ ನಡೆಯುತ್ತದೆ. ಆದರೂ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಒಂದು ವರ್ಷಕ್ಕೆ ಕೊಡುತ್ತಾರೆ, ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಘಾಟಿ_ಡ್ರೈವರ್

ಸೇತುವೆ ವಿಷಯ ಗೊತ್ತಿರಲಿಲ್ಲ. ಥ್ಯಾಂಕ್ಸ್. ಲೈಟ್ ಮಿಣುಕಿಸುವ ಮಾತು ನೂರಕ್ಕೆ ನೂರು ಸತ್ಯ.

ಕಡಲತಡಿ_ಉಡುಪಿ

ಮಲ್ಲಿಗೆಯವರಿಗೆ ಡ್ರೈವಿಂಗ್ ಬರುತ್ತದಾ? ಬಂದರೆ ವ್ಯಾನಿನ ಕರಾರಿನಲ್ಲಿ ಎರಡನೇ ಡ್ರೈವರ್ ಅಂತ ನಿಮ್ಮ ಹೆಸರನ್ನೂ ಹಾಕಿಸಿ. ಹೆಸರಿಲ್ಲದೆ ಓಡಿಸಿದರೆ ಇನ್ಶೂರೆನ್ಸ್ ಇರುವುದಿಲ್ಲ.

ಮೈಸೂರ_ಮಲ್ಲಿಗೆ

ಬರುತ್ತದೆ. ಅತ್ತೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು, ಬಂದಿದ್ದು ಎಲ್ಲ ನಾನೇ. ಆದರೆ ಇವರು "ಅಲ್ಲಿ ನೀನು ಓಡಿಸುವುದು ಬೇಡ, ಹೊಸ ಜಾಗ" ಅಂದರು. ನನ್ನ ಹೆಸರು ಹಾಕಿಸಿಲ್ಲ.

ನೇರ_ಮಾತು

ಈಗ ವಿಷಯ ಗೊತ್ತಾಯಿತು. ನಿಮ್ಮ ಅಳುಕು ವ್ಯಾನಿನದಲ್ಲ. ದಾರಿ ಅವರು ಆರಿಸಿದ್ದು, ಗಾಡಿ ಅವರು ಆರಿಸಿದ್ದು, ಓಡಿಸುವುದೂ ಅವರೇ. ನೀವು ಬಂದು ಕೂರಬೇಕು. ಅವರ ಪ್ರೀತಿ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಇಷ್ಟು ವರ್ಷ ಇಲ್ಲಿ ಒಂದು ಮನೆಯನ್ನೇ ನಡೆಸಿದವರು ಅಲ್ಲಿ ಮೂರು ವಾರ ಪಕ್ಕದ ಸೀಟಿನಲ್ಲಿ ಕೂತು "ಮುಂದೆ ಎಲ್ಲಿ?" ಅಂತ ಕೇಳುತ್ತಾ ಇರಬೇಕಾ? ಮ್ಯಾಪ್ ಹಾಕಿಕೊಂಡು ಇಬ್ಬರೂ ಕಾಲ್‌ನಲ್ಲಿ ಕೂತು ಪ್ಲಾನನ್ನು ಮೊದಲಿಂದ ಮಾಡಿ. ಹೊರಡುವುದಕ್ಕೆ ಇನ್ನೂ ಟೈಮ್ ಇದೆ.

ಹಾಸನ್_ಎಕ್ಸ್‌ಪ್ರೆಸ್

ಪಾಪ, ಆತ ಸರ್‌ಪ್ರೈಸ್ ಕೊಡೋಣ ಅಂತ ಮಾಡಿರಬಹುದು. ಅದನ್ನೂ ತಪ್ಪು ಅಂದರೆ ಹೇಗೆ?

ನೇರ_ಮಾತು

ತಪ್ಪು ಅನ್ನಲಿಲ್ಲ. ಸರ್‌ಪ್ರೈಸ್ ಒಂದು ಸಂಜೆಗೆ ಚೆಂದ, ಮೂರು ವಾರಕ್ಕಲ್ಲ.

ದುಬೈ_ಮಂಗಳೂರು

ನಾನು ಆ ಗಂಡಸಿನ ಜಾಗದಲ್ಲಿ ಇದ್ದವನು, ಅವರ ಪರವಾಗಿ ಒಂದು ಮಾತು. ಒಬ್ಬನೇ ಹೊರದೇಶದಲ್ಲಿ ಇರುವವನು ಹೆಂಡತಿ ಬರುವ ದಿನವನ್ನೇ ಲೆಕ್ಕ ಹಾಕುತ್ತಾ ಇರುತ್ತಾನೆ. ಚೆಂದದ ಜಾಗ ನೋಡಿದಾಗೆಲ್ಲ "ಅವಳು ಬಂದಾಗ ತೋರಿಸಬೇಕು" ಅಂತ ಮನಸ್ಸಿನಲ್ಲಿ ಗುರುತು ಹಾಕಿಕೊಂಡಿರುತ್ತಾನೆ. ಆ ಪಟ್ಟಿ ಉದ್ದ ಆಗುತ್ತಲೇ ಹೋಗುತ್ತದೆ. ಅದನ್ನೆಲ್ಲ ಒಂದೇ ಸಲ ತೋರಿಸಬೇಕು ಅನ್ನುವ ಆತುರ ಅದು. ಅವರಿಗೆ "ನಾನು ವಾಪಸ್ ಹೋಗಲ್ಲ, ಇಲ್ಲೇ ಇರುತ್ತೇನೆ, ಉಳಿದದ್ದು ಮುಂದಿನ ವರ್ಷ ನೋಡೋಣ" ಅಂತ ಹೇಳಿ. ಆ ಒಂದು ಮಾತಿಗೆ ಉತ್ತರ ದ್ವೀಪ ತಾನಾಗಿ ಪ್ಲಾನಿನಿಂದ ಬಿಟ್ಟುಹೋಗುತ್ತದೆ ನೋಡಿ.

ಪದ್ಮಕ್ಕ_ಸಾಗರ

ಎಷ್ಟು ಚೆನ್ನಾಗಿ ಹೇಳಿದಿರಪ್ಪ.

ಬೆಣ್ಣೆದೋಸೆ_ದಾವಣಗೆರೆ

ಎಲ್ಲರೂ ಸಂಸಾರದ ಮಾತು ಆಡುತ್ತಿದ್ದೀರಿ, ಊಟದ ಮಾತು ಯಾರೂ ಎತ್ತಿಲ್ಲ! ಚಟ್ನಿಪುಡಿ, ಗೊಜ್ಜವಲಕ್ಕಿ, ಪುಳಿಯೋಗರೆ ಗೊಜ್ಜು, ಅಮ್ಮನ ಉಪ್ಪಿನಕಾಯಿ ಎಲ್ಲ ತುಂಬಿಕೊಂಡು ಹೋಗಿ.

ತವರಿನ_ದಾರಿ

ನಿಲ್ಲಿ ನಿಲ್ಲಿ. ತಗೊಂಡು ಹೋಗಬಹುದು, ಆದರೆ ಪ್ರತಿಯೊಂದನ್ನೂ ಡಿಕ್ಲೇರ್ ಮಾಡಬೇಕು, ಅಂದರೆ ನ್ಯೂಜಿಲೆಂಡ್‌ಗೆ ಇಳಿಯುವಾಗ ಇಂಥದ್ದು ತಂದಿದ್ದೇನೆ ಅಂತ ಮೊದಲೇ ತಿಳಿಸಬೇಕು. ಒಂದು ಹಣ್ಣು ಬ್ಯಾಗಿನಲ್ಲಿ ಮರೆತು ಉಳಿದರೂ 400 ಡಾಲರ್ ದಂಡ. ವಿಮಾನದಲ್ಲಿ ಕೊಟ್ಟ ಸೇಬಿಗೂ ಇದೇ. ಜೇನುತುಪ್ಪ ಬಿಡುವುದೇ ಇಲ್ಲ. ತಾಜಾ ಕರಿಬೇವು, ಬಿತ್ತನೆ ಬೀಜ, ಹಣ್ಣು, ತರಕಾರಿ ಬೇಡ. ಡಿಕ್ಲೇರ್ ಮಾಡಿದರೆ ಅಬ್ಬಬ್ಬಾ ಅಂದರೆ ಆ ಪದಾರ್ಥ ತೆಗೆದಿಟ್ಟುಕೊಳ್ಳುತ್ತಾರೆ, ದಂಡ ಹಾಕಲ್ಲ. ಅಂಗಡಿಯ ಸೀಲ್ ಪ್ಯಾಕೆಟ್ ಆದರೆ ಒಳಗೆ ಏನಿದೆ ಅಂತ ಅವರೇ ಓದಿಕೊಳ್ಳುತ್ತಾರೆ, ಕೆಲಸ ಬೇಗ ಆಗುತ್ತದೆ.

ಮುಖ್ಯವಾದದ್ದು ಶೂ! ಕುಮಾರ ಪರ್ವತ ಹತ್ತಿದ ಟ್ರೆಕ್ಕಿಂಗ್ ಶೂ ತಗೊಂಡು ಹೋಗುತ್ತೀರಾದರೆ ಅಡಿಯ ಮಣ್ಣನ್ನು ಹಳೇ ಬ್ರಷ್‌ನಲ್ಲಿ ಉಜ್ಜಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ. ಶೂ, ಟೆಂಟ್ ಎಲ್ಲವನ್ನೂ ಕೇಳುತ್ತಾರೆ. ಅಡಿಯ ಗೆರೆಗಳಲ್ಲಿ ಸಿಕ್ಕಿಕೊಂಡ ಚಿಕ್ಕ ಕಲ್ಲು, ಹುಲ್ಲಿನ ಬೀಜ ಕೂಡ ತೆಗೆಯಿರಿ, ಅವರು ಶೂ ತಿರುಗಿಸಿ ನೋಡುತ್ತಾರೆ.

ಬೆಣ್ಣೆದೋಸೆ_ದಾವಣಗೆರೆ

ಹಾಗಾದರೆ ತುಪ್ಪ?

ಕಿವಿ_ಕನ್ನಡಿಗ

ಹಾಲು ಬೆಣ್ಣೆಗೇ ಹೆಸರಾದ ದೇಶಕ್ಕೆ ತುಪ್ಪ ಯಾಕೆ ಹೊತ್ತು ತರಬೇಕು? ಇಲ್ಲಿಯ ಬೆಣ್ಣೆ ಕಾಯಿಸಿಕೊಳ್ಳಿ. ಕ್ರೈಸ್ಟ್‌ಚರ್ಚ್‌ನಲ್ಲಿ ಇಂಡಿಯನ್ ಅಂಗಡಿಗಳಿವೆ, ತೊಗರಿಬೇಳೆ, ಹುಣಸೆಹಣ್ಣು, ಸೋನಾ ಮಸೂರಿ ಎಲ್ಲ ಅಲ್ಲೇ ತುಂಬಿಸಿಕೊಂಡು ಹೊರಡಿ. ವಾನಾಕಾ ದಾಟಿದ ಮೇಲೆ ಪಶ್ಚಿಮ ಕರಾವಳಿಯಲ್ಲಿ ಅಂಗಡಿ ಸಣ್ಣವು, ರೇಟು ದೊಡ್ಡದು.

ವ್ಯಾನಿನೊಳಗೆ ಒಗ್ಗರಣೆ ಬೇಡ. ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತದೆ, ಇಂಗಿನ ವಾಸನೆ ಹಾಸಿಗೆಗೆ ಹಿಡಿಯುತ್ತದೆ. ಹಾಲಿಡೇ ಪಾರ್ಕ್‌ಗಳಲ್ಲಿ ದೊಡ್ಡ ಸಾರ್ವಜನಿಕ ಅಡುಗೆಮನೆ ಇರುತ್ತದೆ. ಒಂದು ದಿನ ಅಲ್ಲಿ ಸಾರಿನಪುಡಿ, ಒಗ್ಗರಣೆ ಎಲ್ಲ ಮುಗಿಸಿ ಡಬ್ಬಿ ತುಂಬಿಕೊಳ್ಳಿ, ಎರಡು ದಿನ ನಡೆಯುತ್ತದೆ. ಇನ್ನೊಂದು, ದಯವಿಟ್ಟು ಗಮನಿಸಿ: ಚಳಿ ಅಂತ ಗ್ಯಾಸ್ ಒಲೆ ಹಚ್ಚಿಟ್ಟು ಮಲಗಬೇಡಿ. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯೂ ಬರಲ್ಲ, ಎಚ್ಚರವೂ ಆಗಲ್ಲ.

ಮೈಸೂರ_ಮಲ್ಲಿಗೆ

ಕೇಳೋಕೆ ಮುಜುಗರ, ಆದರೂ ಕೇಳುತ್ತೇನೆ. ಆ ಟಾಯ್ಲೆಟ್ ಖಾಲಿ ಮಾಡುವುದು ಹೇಗೆ?

ತವರಿನ_ದಾರಿ

ಮುಜುಗರ ಏನಿಲ್ಲ, ಎಲ್ಲರಿಗೂ ಮೊದಲು ಬರುವ ಪ್ರಶ್ನೆ ಇದೇ. ಗಾಡಿಯ ಹೊರಗಿನಿಂದ ಒಂದು ಚಿಕ್ಕ ಬಾಗಿಲು ಇರುತ್ತದೆ. ತೆಗೆದರೆ ಸೂಟ್‌ಕೇಸಿನ ಆಕಾರದ ಡಬ್ಬ, ಕ್ಯಾಸೆಟ್ ಅಂತಾರೆ, ಹೊರಗೆ ಜಾರುತ್ತದೆ. ಅದನ್ನು ಸುರಿಯಲು ಊರೂರಿನಲ್ಲಿ ಡಂಪ್ ಸ್ಟೇಷನ್ ಇದೆ. ಗ್ಲೌಸ್ ಹಾಕಿಕೊಂಡು, ಕೊಳವೆ ತಿರುಗಿಸಿ, ಗಾಳಿ ಬಿಡುವ ಬಟನ್ ಒತ್ತಿಕೊಂಡೇ ಸುರಿಯಬೇಕು. ಬಟನ್ ಒತ್ತದಿದ್ದರೆ ಗುಳುಗುಳು ಅಂತ ಸಿಡಿಯುತ್ತದೆ. ಆಮೇಲೆ ನೀರು ಹಾಕಿ ಅಲುಗಾಡಿಸಿ ಮತ್ತೆ ಸುರಿದು, ಔಷಧ ಹಾಕಿ ವಾಪಸ್ ಇಡುವುದು. ಪೂರ್ತಿ ತುಂಬುವ ತನಕ ಕಾಯಬೇಡಿ, ಭಾರ ಆಗುತ್ತದೆ. ಪಾತ್ರೆ ತೊಳೆದ ನೀರಿನ ಟ್ಯಾಂಕ್ ಬೇರೆ, ಅದನ್ನೂ ಅಲ್ಲೇ ಬಿಡಬೇಕು. ರಸ್ತೆ ಬದಿಗೆ, ಹೊಳೆಗೆ ಬಿಡುವ ಹಾಗಿಲ್ಲ.

ಕಡಲತಡಿ_ಉಡುಪಿ

ಈ ಕೆಲಸಕ್ಕೆ ಪಾಳಿ ಹಾಕಿಕೊಳ್ಳಿ. ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ದಿನಾ ಒಬ್ಬರೇ ಮಾಡಿದರೆ ನಾಲ್ಕನೇ ದಿನ ಜಗಳ.

ಆಗುಂಬೆ_ಮಳೆ

ಮಿಲ್ಫರ್ಡ್ ಸೌಂಡ್‌ಗೆ, ಬೆಟ್ಟಗಳ ನಡುವೆ ಸಮುದ್ರ ಒಳಗೆ ಚಾಚಿರುವ ಆ ಜಾಗಕ್ಕೆ, ಹೋಗುವ ಪ್ಲಾನ್ ಇದೆಯಾ? ಅಲ್ಲಿ ವರ್ಷಕ್ಕೆ ಆರು ಮೀಟರಿಗಿಂತ ಜಾಸ್ತಿ ಮಳೆ. ನಮ್ಮ ಆಗುಂಬೆಯಲ್ಲಿ ಏಳು ಮೀಟರ್ ದಾಟುತ್ತದೆ, ಆದರೆ ನಮ್ಮದು ಹೆಚ್ಚುಕಮ್ಮಿ ಎಲ್ಲ ಜೂನ್‌ನಿಂದ ಸೆಪ್ಟೆಂಬರ್‌ಗೇ ಸುರಿದು ಮುಗಿಯುತ್ತದೆ. ಅಲ್ಲಿ ಹನ್ನೆರಡು ತಿಂಗಳೂ ಯಾವಾಗ ಬೇಕಾದರೂ ಬರಬಹುದು. ಮಳೆ ಬಂತು ಅಂತ ಟ್ರಿಪ್ ಬಿಡಬೇಡಿ. ಬಂಡೆ ಮೇಲಿಂದ ನೂರಾರು ತಾತ್ಕಾಲಿಕ ಜಲಪಾತ ಇಳಿಯುತ್ತವೆ, ಬಿಸಿಲಿನ ದಿನ ಅದು ಸಿಗಲ್ಲ.

ಅಲೆಮಾರಿ_84

ಮಳೆಗಿಂತ ಸ್ಯಾಂಡ್‌ಫ್ಲೈ ಬಗ್ಗೆ ಹೇಳಿ. ಇಷ್ಟೇ ಇಷ್ಟು ಕಪ್ಪು ನೊಣ. ಕಚ್ಚಿದರೆ ವಾರ ಪೂರ್ತಿ ತುರಿಕೆ. ಕ್ಯಾಪ್ಟನ್ ಕುಕ್ 1773ರಲ್ಲಿ ಡಸ್ಕಿ ಸೌಂಡ್‌ಗೆ ಹೋದಾಗಲೇ ಇದರ ಕಾಟವನ್ನು ಬರೆದಿಟ್ಟಿದ್ದಾನೆ.

ಆಗುಂಬೆ_ಮಳೆ

ಇಂಬಳಕ್ಕೆ ಹಚ್ಚುವ ಹಾಗೆ ಸುಣ್ಣ, ಹೊಗೆಸೊಪ್ಪು ನಡೆಯುತ್ತದಾ?

ಕಿವಿ_ಕನ್ನಡಿಗ

ಸುಣ್ಣ, ಹೊಗೆಸೊಪ್ಪು ಯಾಕೆ? ಅಂಗಡಿಯಲ್ಲಿ ರಿಪೆಲೆಂಟ್ ಸಿಗುತ್ತದೆ, ಅದನ್ನೇ ಹಚ್ಚಿಕೊಳ್ಳಿ. ನಿಂತರೆ ಮುತ್ತುತ್ತವೆ, ನಡೆಯುತ್ತಾ ಇದ್ದರೆ ಹಿಂದೆ ಬೀಳುತ್ತವೆ. ಬೆಳಿಗ್ಗೆ ಮತ್ತು ಮುಸ್ಸಂಜೆ ಕಾಟ ಜಾಸ್ತಿ, ಪೂರ್ತಿ ಕತ್ತಲಾದ ಮೇಲೆ ಕಚ್ಚಲ್ಲ. ಕಾಲುಂಗುರದಿಂದ ಮೊಣಕಾಲಿನ ತನಕ ಮುಚ್ಚಿಕೊಳ್ಳಿ. ವ್ಯಾನಿನ ಬಾಗಿಲು ತೆಗೆದಿಟ್ಟು ಕಾಫಿ ಕಾಯಿಸುವ ಆಸೆ ಪಶ್ಚಿಮ ಕರಾವಳಿಯಲ್ಲಿ ಬೇಡ.

ಮಿಲ್ಫರ್ಡ್ ದಾರಿಯ ಹೋಮರ್ ಟನಲ್ ಹತ್ತಿರ, ಆರ್ಥರ್ಸ್ ಪಾಸ್ ಅನ್ನುವ ಘಾಟಿಯಲ್ಲಿ ಕಿಯಾ ಅಂತ ಬೆಟ್ಟದ ಗಿಳಿ ಇದೆ. ಬಹಳ ಬುದ್ಧಿವಂತ ಪಕ್ಷಿ. ಗಾಡಿಯ ವೈಪರ್, ಕಿಟಕಿಯ ರಬ್ಬರ್ ಕಿತ್ತು ಹಾಕುತ್ತದೆ. ಫೋಟೋ ತೆಗೆಯಿರಿ, ಚಕ್ಕುಲಿ ಮಾತ್ರ ಹಾಕಬೇಡಿ. ತಿಂಡಿ ಕೊಟ್ಟು ಕೊಟ್ಟೇ ಅವು ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತಿವೆ. ಉಳಿದಿರುವುದೇ ಕೆಲವು ಸಾವಿರ.

ಚುಕ್ಕಿ_ಚಂದ್ರಮ

ದಕ್ಷಿಣ ದ್ವೀಪದ ಟೆಕಾಪೊ ಅನ್ನುವ ಊರಿನಲ್ಲಿ ಒಂದಲ್ಲ, ಎರಡು ರಾತ್ರಿ ಇರಿ. ಒಂದು ರಾತ್ರಿ ಮೋಡ ಬಂದರೆ ಇನ್ನೊಂದು ಉಳಿದಿರುತ್ತದೆ. ಆ ಪ್ರದೇಶ 2012ರಿಂದ ಕತ್ತಲ ಆಕಾಶದ ರಕ್ಷಿತ ಪ್ರದೇಶ, ಬೀದಿದೀಪಗಳನ್ನೂ ಕೆಳಮುಖವಾಗಿ ಹಾಕಿದ್ದಾರೆ. ಮಾರ್ಚ್‌ನಲ್ಲಿ ಸಂಜೆ ಉತ್ತರದ ಕಡೆ ನೋಡಿ. ನಮ್ಮೂರಲ್ಲಿ ಕಾಣುವ ಮೃಗಶಿರಾ, ಆರಿದ್ರಾ ಎಲ್ಲ ತಲೆಕೆಳಗಾಗಿ ನಿಂತಿರುತ್ತವೆ. ಕೆಂಪಗಿನ ಆರಿದ್ರಾ ಕೆಳಗೆ, ಬೆಳ್ಳಗಿನ ರೈಗಲ್ ಮೇಲೆ. ದಕ್ಷಿಣದಲ್ಲಿ ಎರಡು ಮಸುಕು ಮೋಡದ ತುಣುಕು ಕಾಣುತ್ತದೆ, ಗಾಳಿಗೆ ಅಲ್ಲಾಡಲ್ಲ. ಅವು ಮೆಗಲಾನಿಕ್ ಮೋಡಗಳು, ಬೇರೆಯೇ ಗ್ಯಾಲಕ್ಸಿಗಳು. ಮೈಸೂರಿನಲ್ಲಿ ಅವು ನೋಡಲು ಸಿಗುವುದು ತೀರಾ ಕಷ್ಟ. ಹುಣ್ಣಿಮೆ ತಪ್ಪಿಸಿ ಬುಕ್ ಮಾಡಿ, ಪಂಚಾಂಗ ನೋಡಿಯೇ ಹೊರಡಿ.

ಪದ್ಮಕ್ಕ_ಸಾಗರ

ಅಮಾವಾಸ್ಯೆ ದಿನ ಪ್ರಯಾಣ ಶುರು ಮಾಡಬೇಡಿ ಅಷ್ಟೇ.

ಚುಕ್ಕಿ_ಚಂದ್ರಮ

ಪದ್ಮಕ್ಕ, ಮುಂಚೆಯೇ ಹೊರಟು ಅಮಾವಾಸ್ಯೆಗೆ ಅಲ್ಲಿ ಇದ್ದರೆ ಆಯಿತಲ್ವಾ?

ಪದ್ಮಕ್ಕ_ಸಾಗರ

ಅದು ಪರವಾಗಿಲ್ಲ.

ಮೈಸೂರ_ಮಲ್ಲಿಗೆ

ಎಲ್ಲರಿಗೂ ಉತ್ತರ ಕೊಡೋಕೆ ಆಗಿಲ್ಲ, ಕ್ಷಮಿಸಿ. ನಿನ್ನೆ ರಾತ್ರಿ ಇವರ ಜೊತೆ ಮ್ಯಾಪ್ ಹಾಕಿಕೊಂಡು ಕೂತೆ. ದುಬೈ ಅಣ್ಣ ಹೇಳಿದ ಮಾತನ್ನು ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಆಮೇಲೆ "ಸರಿ, ಉತ್ತರ ದ್ವೀಪ ಮುಂದಿನ ವರ್ಷ" ಅಂದರು.

ಡ್ರೈವಿಂಗ್ ವಿಷಯಕ್ಕೆ ಮಾತ್ರ ಸ್ವಲ್ಪ ವಾದ ಆಯಿತು. ನನಗೆ ಏನಾದರೂ ಆದರೆ ಅಂತ ಅವರಿಗೆ ಭಯ. ನಿಮಗೆ ಅರ್ಧ ದಾರಿಯಲ್ಲಿ ಜ್ವರ ಬಂದರೆ ಆ ಗಾಡಿಯನ್ನು ಯಾರು ಓಡಿಸುತ್ತಾರೆ ಅಂತ ಕೇಳಿದೆ. ಮೊದಲು ಅವರ ಕಾರಿನಲ್ಲಿ ಊರೊಳಗೆ ಓಡಿಸಿ ರೂಢಿ ಮಾಡಿಕೊಳ್ಳುವುದು, ಆಮೇಲೆ ವ್ಯಾನಿನಲ್ಲಿ ನನ್ನ ಹೆಸರನ್ನೂ ಸೇರಿಸುವುದು ಅಂತ ಒಪ್ಪಿಕೊಂಡರು. ವ್ಯಾನಿನ ಗಾಜಿನ ಮೇಲೆ ಹಸಿರು ಸ್ಟಿಕ್ಕರ್ ಇದೆಯಂತೆ.

ಈಗಿನ ಪ್ಲಾನ್: ಮೊದಲ ಐದು ದಿನ ಮನೆ. ಆಮೇಲೆ ಟೆಕಾಪೊ, ಮೌಂಟ್ ಕುಕ್, ವಾನಾಕಾ, ಟೆ ಅನೌ, ಮಿಲ್ಫರ್ಡ್, ವಾಪಸ್ ವಾನಾಕಾ ದಾರಿಯಲ್ಲೇ ಹಾಸ್ಟ್, ಫಾಕ್ಸ್, ಹೊಕಿಟಿಕಾ, ಆರ್ಥರ್ಸ್ ಪಾಸ್ ಮೇಲೆ ಮನೆಗೆ. ನಾಲ್ಕೈದು ದಿನಕ್ಕೊಮ್ಮೆ ಒಂದು ರಾತ್ರಿ ವ್ಯಾನ್ ಬಿಟ್ಟು ರೂಮು. ಫ್ರಾನ್ಜ್ ಜೋಸೆಫ್‌ನಲ್ಲಿ ಹಿಮನದಿ ಮೇಲೆ ನಡೆಯಬಹುದಾ?

ಕಿವಿ_ಕನ್ನಡಿಗ

ಒಳ್ಳೆಯ ಪ್ಲಾನ್. ಹಿಮನದಿ ಹಿಂದೆ ಸರಿಯುತ್ತಿದೆ. 2012ರಿಂದ ಕಾಲ್ನಡಿಗೆಯಲ್ಲಿ ಅದರ ಮೇಲೆ ಹತ್ತುವ ದಾರಿ ಇಲ್ಲ, ಹೆಲಿಕಾಪ್ಟರ್‌ನಲ್ಲಿ ಇಳಿಸಿ ನಡೆಸುತ್ತಾರೆ, ದುಬಾರಿ. ದೂರದಿಂದ ನೋಡುವ ಜಾಗಗಳು ಇವೆ, ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮೋಡ ಮುಚ್ಚುವುದು ಜಾಸ್ತಿ.

ವ್ಯಾನ್ ಡೀಸೆಲ್ ಆದರೆ ಒಂದು ಲೆಕ್ಕ ಇಟ್ಟುಕೊಳ್ಳಿ. ಇಲ್ಲಿ ಡೀಸೆಲ್ ಗಾಡಿಗೆ ಓಡಿದ ಕಿಲೋಮೀಟರ್ ಮೇಲೆ ರಸ್ತೆ ತೆರಿಗೆ. ಬಾಡಿಗೆ ಕಂಪನಿ ಕೊನೆಗೆ ಅದನ್ನು ಬಿಲ್ಲಿಗೆ ಸೇರಿಸುತ್ತದೆ. ಪಂಪ್‌ನಲ್ಲಿ ಡೀಸೆಲ್ ಅಗ್ಗ ಅಂತ ಕಂಡರೂ ಪೂರ್ತಿ ಖರ್ಚು ಅದಲ್ಲ.

ತವರಿನ_ದಾರಿ

ಕ್ವೀನ್ಸ್‌ಟೌನ್ ಕಡೆ ತಿರುಗಿದರೆ ಸ್ಕಿಪ್ಪರ್ಸ್ ರಸ್ತೆಗೆ ಮಾತ್ರ ಇಳಿಯಬೇಡಿ. ಬಾಡಿಗೆ ಗಾಡಿಗೆ ಅಲ್ಲಿ ಇನ್ಶೂರೆನ್ಸ್ ಇರುವುದಿಲ್ಲ. ಮತ್ತೆ ಹಾಸ್ಟ್ ಸುತ್ತಮುತ್ತ, ಮಿಲ್ಫರ್ಡ್ ರಸ್ತೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಉದ್ದುದ್ದ ದಾರಿ ಇದೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ. ಅಮ್ಮನಿಗೂ ಅತ್ತೆಗೂ "ಒಂದು ದಿನ ಫೋನ್ ಬರದಿದ್ದರೆ ಗಾಬರಿ ಬೇಡ" ಅಂತ ಹೇಳಿಟ್ಟು ಹೊರಡಿ.

ಕಡಲತಡಿ_ಉಡುಪಿ

ಇಳಿದ ಕೂಡಲೇ ನಿಮ್ಮ ಹೆಸರಿನಲ್ಲೇ ಒಂದು ಸಿಮ್ ತಗೊಳ್ಳಿ, ನಿಮ್ಮ ಪರ್ಸಿನಲ್ಲಿ ನಿಮ್ಮದೇ ಕಾರ್ಡ್, ಸ್ವಲ್ಪ ನಗದು ಇರಲಿ. ಅಲ್ಲಿಯ ತುರ್ತು ನಂಬರ್ 111. ಮತ್ತೆ ದಿನಾ ಒಂದು ಅರ್ಧ ಗಂಟೆ ಒಬ್ಬೊಬ್ಬರೇ ನಡೆದು ಬನ್ನಿ. ಕೆರೆ ದಡ ಇದ್ದೇ ಇರುತ್ತದೆ. ಬೇಜಾರು ಆದಾಗ ಮಾತ್ರ ಅಂತಲ್ಲ, ದಿನಾ. ಆಗ ಯಾರಿಗೂ ತಪ್ಪು ಅರ್ಥ ಬರುವುದಿಲ್ಲ.

ಹಾಸನ್_ಎಕ್ಸ್‌ಪ್ರೆಸ್

ನನ್ನ ತಂಗಿಯೂ ಇದೇ ಥರ ವೀಸಾಗೆ ಕಾಯುತ್ತಿದ್ದಾಳೆ, ಆಸ್ಟ್ರೇಲಿಯಾದ ಪರ್ತ್‌ಗೆ. ಅವಳಿಗೆ ಈ ಪೂರ್ತಿ ಚರ್ಚೆ ಕಳಿಸಿದ್ದೇನೆ. ಅಲ್ಲೂ ಎಡಗಡೆ ಡ್ರೈವಿಂಗ್ ತಾನೇ?

ಘಾಟಿ_ಡ್ರೈವರ್

ಹೌದು, ಎಡಗಡೆಯೇ. ಆದರೆ ಅಲ್ಲಿ ಮುಸ್ಸಂಜೆಗೆ ಕಾಂಗರೂ ಅಡ್ಡ ಬರುತ್ತವೆ, ಕತ್ತಲಲ್ಲಿ ಓಡಿಸುವುದು ಬೇಡ ಅನ್ನಿ. ಅದಕ್ಕೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಕಲಸುಮೇಲೋಗರ ಆಗುತ್ತದೆ.

ಕಿವಿ_ಕನ್ನಡಿಗ

@ಮೈಸೂರ_ಮಲ್ಲಿಗೆ ಒಂದು ತಿದ್ದುಪಡಿ. ಟೆ ಅನೌನಿಂದ ಮಿಲ್ಫರ್ಡ್‌ಗೆ ಸುಮಾರು 120 ಕಿ.ಮೀ., ಬರೀ ಹೋಗಲು ಎರಡು ಗಂಟೆ, ನಡುವೆ ನಿಲ್ಲುವ ಜಾಗಗಳು ತುಂಬ. ಅದೇ ದಿನ ವಾಪಸ್ ವಾನಾಕಾ ತನಕ ಓಡಬೇಡಿ. ದಾರಿಯಲ್ಲಿ ಕ್ಯಾಸ್ಕೇಡ್ ಕ್ರೀಕ್ ಅಂತ ಡಾಕ್ ಕ್ಯಾಂಪ್‌ಸೈಟ್ ಇದೆ, ಮಿಲ್ಫರ್ಡ್‌ಗೆ ಮುಂಚೆ ಅದೇ ಕೊನೆಯದು. ಹಿಂದಿನ ರಾತ್ರಿ ಅಲ್ಲೇ ಮಲಗಿದರೆ ಬೆಳಿಗ್ಗೆ ಟೂರಿಸ್ಟ್ ಬಸ್ಸುಗಳಿಗಿಂತ ಮುಂಚೆ ಹೋಮರ್ ಟನಲ್ ದಾಟುತ್ತೀರಿ. 1.2 ಕಿ.ಮೀ. ಉದ್ದ, ಒಳಗೆ ಇಳಿಜಾರು, ಸಿಗ್ನಲ್ ಹಾಕಿದ್ದರೆ ಸ್ವಲ್ಪ ಕಾಯಬೇಕಾಗಬಹುದು. ಹೆಡ್‌ಲೈಟ್ ಹಾಕಿ, ಕೂಲಿಂಗ್ ಗ್ಲಾಸ್ ತೆಗೆಯಿರಿ. ಟ್ಯಾಂಕ್ ಟೆ ಅನೌನಲ್ಲೇ ಫುಲ್ ಮಾಡಿಸಿ.

ಮೈಸೂರ_ಮಲ್ಲಿಗೆ

ಬರೆದುಕೊಂಡೆ. ಕ್ಯಾಸ್ಕೇಡ್ ಕ್ರೀಕ್ ರಾತ್ರಿಯ ಬುಕಿಂಗ್ ನಾನೇ ನೋಡುತ್ತೇನೆ ಅಂತ ಇವರಿಗೆ ಹೇಳಿದ್ದೇನೆ. ಮಿಲ್ಫರ್ಡ್ ದಾರಿಯಲ್ಲಿ ಸ್ಟೀರಿಂಗ್ ಅವರದು, ಟೆಕಾಪೊದಿಂದ ಮೌಂಟ್ ಕುಕ್‌ಗೆ ನನ್ನದು.